ಮಿಲಿಮೀಟರಿನ ಮೂವತ್ತನೇ ಒಂದು ಪಾಲು: ಲೈಕಾ ಕ್ಯಾಮೆರಾದ ಜನಕ ಆಸ್ಕರ್ ಬಾರ್ನಾಕ್

ಮದುವೆ ಮಂಟಪದಲ್ಲಿ ತೆಗೆದ ಚಿತ್ರವೊಂದನ್ನು ಕಂಪ್ಯೂಟರ್ ಪರದೆಯ ಮೇಲೆ ಹಿಗ್ಗಿಸಿ, ಫೋಕಸ್ ವಧುವಿನ ಕಣ್ಣಿನ ಮೇಲೆ ನಿಂತಿದೆಯೋ ಅಥವಾ ನಾಲ್ಕು ಬೆರಳು ಹಿಂದೆ ಸರಿದು ಕಿವಿಯ ಓಲೆಯ ಮೇಲೆ ಕುಳಿತಿದೆಯೋ ಎಂದು ಪರೀಕ್ಷಿಸುವುದು ಇಂದಿನ ಛಾಯಾಗ್ರಾಹಕರಿಗೆ ನಿತ್ಯದ ಕೆಲಸ. ದುಬಾರಿ ಬೆಲೆ ತೆತ್ತು ಕೊಂಡ ಲೆನ್ಸು ತಾನಾಗಿಯೇ ಫೋಕಸ್ ಮಾಡುವಾಗ ಎಷ್ಟು ತಪ್ಪಬಹುದು, ಎಷ್ಟು ತಪ್ಪಿದರೆ ಅದನ್ನು ದೋಷವೆಂದು ಕರೆದು ಅಂಗಡಿಗೆ ಹಿಂದಿರುಗಿಸಬೇಕು ಎಂಬ ಚರ್ಚೆಗೆ ಕೊನೆಯೆಂಬುದಿಲ್ಲ. ಈ ಚರ್ಚೆಯಲ್ಲಿ ಇಂದಿಗೂ ತಿಳಿದೋ ತಿಳಿಯದೆಯೋ ಬಳಕೆಯಾಗುತ್ತಿರುವ ಅಳತೆಗೋಲು ಬಹಳ ಹಳೆಯದು. ಅದನ್ನು ಲೋಕದ ಕೈಗೆ ತಲುಪಿಸಿದ್ದು ಜರ್ಮನಿಯ ವೆಟ್ಸ್ಲರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಒಂದು ಪುಟ್ಟ ಕ್ಯಾಮೆರಾ. ಆ ಕ್ಯಾಮೆರಾದ ಹೆಸರು ಲೈಕಾ. ಅದನ್ನು ರೂಪಿಸಿದವರು ಆಸ್ಕರ್ ಬಾರ್ನಾಕ್.

ಬಾರ್ನಾಕ್ ವಿಜ್ಞಾನಿಯಲ್ಲ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರೂ ಅಲ್ಲ. ಅವರು ಯಂತ್ರಕಾರ. ಹಿತ್ತಾಳೆ, ಉಕ್ಕುಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆದು, ಉಜ್ಜಿ, ಕೂಡಿಸುವ ಕೆಲಸವೇ ಅವರ ಜೀವನ. ಛಾಯಾಗ್ರಹಣದ ಇತಿಹಾಸದಲ್ಲಿ ಅವರ ಸ್ಥಾನವನ್ನು ಅರಿಯಬೇಕಾದರೆ ಈ ಸಂಗತಿಯನ್ನು ಮರೆಯುವಂತಿಲ್ಲ.

ಹೊರಲಾಗದ ಭಾರ

ಬರ್ಲಿನ್ನಿನ ದಕ್ಷಿಣಕ್ಕೆ, ಬ್ರಾಂಡೆನ್‌ಬರ್ಗ್ ಪ್ರಾಂತ್ಯದ ಲೀನೊ ಎಂಬ ಹಳ್ಳಿಯಲ್ಲಿ 1879ರ ನವೆಂಬರ್ 1ರಂದು ಬಾರ್ನಾಕ್ ಜನಿಸಿದರು. ಕುಟುಂಬ ಬರ್ಲಿನ್ ಸಮೀಪಕ್ಕೆ ವಲಸೆ ಹೋದ ಮೇಲೆ ಬಾಲಕ ಆಸ್ಕರ್ ಲಿಕ್ಟರ್‌ಫೆಲ್ಡೆಯ ಕಾರ್ಯಾಗಾರವೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಖಗೋಳ ವೀಕ್ಷಣೆಯ ಉಪಕರಣಗಳನ್ನು ತಯಾರಿಸುವ ಕಾರ್ಯಾಗಾರ ಅದು. ಕಲಿಕೆ ಮುಗಿದ ಬಳಿಕ, ಆ ಕಾಲದ ಜರ್ಮನ್ ಕುಶಲಕರ್ಮಿಗಳ ಸಂಪ್ರದಾಯದಂತೆ ಊರೂರು ತಿರುಗಿ ದುಡಿದರು. ಸ್ಯಾಕ್ಸನಿ, ವಿಯೆನ್ನಾ, ಟಿರೋಲ್ ಹೀಗೆ ಸುತ್ತಿ ಬಂದು 1902ರಲ್ಲಿ ಯೇನಾ ನಗರದ ಕಾರ್ಲ್ ಝೈಸ್ ಕಾರ್ಖಾನೆಗೆ ಸೇರಿದರು. ಲೆನ್ಸುಗಳ ಲೋಕದಲ್ಲಿ ಝೈಸ್ ಎಂದರೆ ಆಗಲೂ ದೊಡ್ಡ ಹೆಸರೇ. 1903ರಲ್ಲಿ ಅವರ ವಿವಾಹವಾಯಿತು.

ಬಾರ್ನಾಕ್ ಅವರಿಗೆ ಎರಡು ಗೀಳುಗಳಿದ್ದವು. ಒಂದು, ಕಾಡು ಗುಡ್ಡಗಳಲ್ಲಿ ನಡೆದಾಟ, ಇನ್ನೊಂದು, ಛಾಯಾಗ್ರಹಣ. ಇವೆರಡೂ ಒಂದಕ್ಕೊಂದು ಹೊಂದುವಂತಿರಲಿಲ್ಲ. ಅವರಲ್ಲಿದ್ದ ಕ್ಯಾಮೆರಾ 13x18 ಸೆಂಟಿಮೀಟರಿನ ಗಾಜಿನ ಫಲಕಗಳನ್ನು ಬಳಸುವಂಥದ್ದು. ಫಲಕಗಳನ್ನು ತುಂಬಿದ ಚೌಕಟ್ಟುಗಳು, ಮುಕ್ಕಾಲಿ, ಇವೆಲ್ಲವನ್ನೂ ಹಿಡಿಸುವ ದೊಡ್ಡ ಚರ್ಮದ ಪೆಟ್ಟಿಗೆ. ಇದನ್ನು ಹೆಗಲಿಗೇರಿಸಿ ಥುರಿಂಗಿಯಾದ ಕಾಡಿನ ಏರು ಹತ್ತುವುದು ಗಟ್ಟಿಮುಟ್ಟಾದವರಿಗೂ ಕಷ್ಟ. ಬಾರ್ನಾಕ್ ಅವರಿಗೋ ಉಬ್ಬಸ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಹಿಡಿಯಬೇಕಾದ ಮನುಷ್ಯನಿಗೆ ಕ್ಯಾಮೆರಾದ ತೂಕ ಸೌಕರ್ಯದ ಪ್ರಶ್ನೆಯಾಗಿ ಉಳಿಯಲಿಲ್ಲ. ಚಿತ್ರ ತೆಗೆಯಬೇಕೋ ಬಿಡಬೇಕೋ ಎಂಬುದನ್ನೇ ಅದು ನಿರ್ಧರಿಸುತ್ತಿತ್ತು.

1905ರ ಸುಮಾರಿಗೆ ಅವರು ಒಂದು ಪ್ರಯೋಗಕ್ಕೆ ಕೈ ಹಾಕಿದರು. ಒಂದೇ ದೊಡ್ಡ ಫಲಕದ ಮೇಲೆ ಸಾಲು ಸಾಲಾಗಿ ಹದಿನೈದು ಇಪ್ಪತ್ತು ಪುಟ್ಟ ಚಿತ್ರಗಳನ್ನು ತೆಗೆದು, ಆಮೇಲೆ ಅವನ್ನು ದೊಡ್ಡದಾಗಿ ಮುದ್ರಿಸಿಕೊಂಡರೆ ಹೇಗೆ? ಯೋಚನೆ ಚೆನ್ನಾಗಿತ್ತು, ಫಲ ಚೆನ್ನಾಗಿರಲಿಲ್ಲ. ಫಲಕದ ಲೇಪದ ಕಣಗಳು ಒರಟಾಗಿದ್ದು, ಹಿಗ್ಗಿಸಿದ ಕೂಡಲೇ ಚಿತ್ರ ರವೆ ಚೆಲ್ಲಿದಂತೆ ಕಾಣುತ್ತಿತ್ತು. ಬಾರ್ನಾಕ್ ಅದನ್ನು ಅಲ್ಲಿಗೇ ಬಿಟ್ಟರು. ಚಿತ್ರ ಸಣ್ಣದಾದಷ್ಟೂ ಪ್ರತಿಯೊಂದು ಕೊರತೆಯೂ ಅದರೊಡನೆಯೇ ಹಿಗ್ಗುತ್ತದೆ ಎಂಬ ಪಾಠವನ್ನು ಮಾತ್ರ ಬಿಡಲಿಲ್ಲ.

ವೆಟ್ಸ್ಲರಿನ ಕಾರ್ಯಾಗಾರ

ಝೈಸ್ ಕಾರ್ಖಾನೆಯಲ್ಲಿ ಬಾರ್ನಾಕ್ ಅವರಿಗೆ ಎಮಿಲ್ ಮೆಖೌ ಎಂಬ ಸ್ನೇಹಿತರಿದ್ದರು. ಕಣ್ಣಿಗೆ ಮಿನುಗದಂತೆ ಚಲನಚಿತ್ರ ತೋರಿಸುವ ಪ್ರಕ್ಷೇಪಕ ಯಂತ್ರದ ಕನಸು ಕಂಡವರು. ಅವರು 1910ರಲ್ಲಿ ವೆಟ್ಸ್ಲರಿನ ಅರ್ನ್ಸ್ಟ್ ಲೈಟ್ಸ್ ಸಂಸ್ಥೆಗೆ ಹೋದರು. ಗೆಳೆಯನ ಹೆಸರನ್ನು ಅಲ್ಲಿ ಸೂಚಿಸಿದವರೂ ಅವರೇ. 1911ರ ಜನವರಿಯಲ್ಲಿ ಬಾರ್ನಾಕ್ ಲೈಟ್ಸ್ ಸಂಸ್ಥೆಯ ಪ್ರಯೋಗ ವಿಭಾಗದ ಹೊಣೆ ಹೊತ್ತರು.

ವೆಟ್ಸ್ಲರ್ ಸಾಹಿತ್ಯಪ್ರಿಯರಿಗೂ ಪರಿಚಿತ ಊರು. ತರುಣ ಗಯಟೆ 1772ರ ಬೇಸಗೆಯನ್ನು ಇಲ್ಲಿ ಕಳೆದು, ಇಲ್ಲಿನ ವಿಫಲ ಪ್ರೇಮದ ನೆನಪನ್ನು ಮುಂದೆ ವರ್ದರ್ ಕಾದಂಬರಿಯಲ್ಲಿ ತುಂಬಿದರು. ಬಾರ್ನಾಕ್ ಬರುವ ಹೊತ್ತಿಗೆ ಊರಿನ ಹೆಸರು ಸೂಕ್ಷ್ಮದರ್ಶಕಗಳೊಂದಿಗೆ ಸೇರಿಹೋಗಿತ್ತು. ಸೂಕ್ಷ್ಮದರ್ಶಕದಲ್ಲಿ ಫೋಕಸ್ ತಪ್ಪುವುದೆಂದರೆ ಕಾಗದದ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ ಅಂತರದ ಮಾತು. ಅಂಥ ಲೆಕ್ಕದಲ್ಲೇ ದಿನವಿಡೀ ದುಡಿಯುವ ಜನರ ನಡುವೆ ಬಾರ್ನಾಕ್ ಬಂದು ಕುಳಿತರು. ಪುಟ್ಟ ಕ್ಯಾಮೆರಾ ಬೇರೆ ಯಾವುದೋ ಊರಿನಲ್ಲಿ ಹುಟ್ಟಿದ್ದರೆ ಅದು ಆಟಿಕೆಯಾಗಿಯೇ ಉಳಿಯುವ ಸಂಭವ ಹೆಚ್ಚಿತ್ತು.

ಮೆಖೌ ಅವರ ಸಹವಾಸದಿಂದ ಚಲನಚಿತ್ರದ 35 ಮಿಲಿಮೀಟರ್ ಫಿಲ್ಮು ಬಾರ್ನಾಕ್ ಅವರ ಕೈಗೆ ಬಂತು. ಅವರೇ ಒಂದು ಚಲನಚಿತ್ರ ಕ್ಯಾಮೆರಾ ನಿರ್ಮಿಸಿಕೊಂಡರು. ಫಿಲ್ಮಿಗೆ ಬೆಳಕು ಸರಿಯಾಗಿ ಬಿದ್ದಿದೆಯೇ ಎಂದು ತಿಳಿಯಲು ತುಂಡು ಫಿಲ್ಮು ಹಾಕಿ ಪರೀಕ್ಷಿಸುವ ಸಣ್ಣ ಸಾಧನವೊಂದು ಅವರಿಗೆ ಬೇಕಾಗಿತ್ತು. 1914ರ ಹೊತ್ತಿಗೆ ಸಿದ್ಧವಾದ ಆದಿ ಲೈಕಾದ ಹಿಂದೆ ಈ ಅಗತ್ಯವೂ ಇತ್ತು, ಗುಡ್ಡ ಹತ್ತುವ ಹಳೆಯ ಆಸೆಯೂ ಇತ್ತು. ಚಲನಚಿತ್ರದ ಒಂದು ಚೌಕಟ್ಟು 18x24 ಮಿಲಿಮೀಟರ್. ಬಾರ್ನಾಕ್ ಅಂಥ ಎರಡನ್ನು ಕೂಡಿಸಿ 24x36 ಮಾಡಿದರು. ಇಂದು ಡಿಜಿಟಲ್ ಕ್ಯಾಮೆರಾಗಳಲ್ಲಿ ಫುಲ್ ಫ್ರೇಮ್ ಎಂದು ಕರೆಯಲಾಗುವ ಸಂವೇದಕದ ಅಳತೆ ಇದೇ. ಒಂದು ಸುರುಳಿಯಲ್ಲಿ 36 ಚಿತ್ರಗಳು ಏಕೆ ಎಂಬುದಕ್ಕೆ, ಬಾರ್ನಾಕ್ ಎರಡೂ ಕೈ ಚಾಚಿದಾಗ ಹಿಡಿಸಿದ ಫಿಲ್ಮಿನ ಉದ್ದ ಅಷ್ಟೇ ಆಗಿತ್ತೆಂಬ ದಂತಕಥೆಯಿದೆ. ಕತೆ ಚೆನ್ನಾಗಿದೆ, ನಂಬುವುದು ಬಿಡುವುದು ಅವರವರಿಗೆ ಸೇರಿದ್ದು.

ಲೆನ್ಸಿನ ಆಯ್ಕೆಯಲ್ಲಿ ಬಾರ್ನಾಕ್ ತೋರಿದ ಎಚ್ಚರ ಗಮನಾರ್ಹ. ಚಲನಚಿತ್ರಕ್ಕೆಂದು ತಯಾರಾದ ಝೈಸ್ ಟೆಸ್ಸಾರ್ ಲೆನ್ಸನ್ನು ಅವರು ಮೊದಲು ಪರೀಕ್ಷಿಸಿದರು. ನಡುವಿನಲ್ಲಿ ಚಿತ್ರ ಸೊಗಸಾಗಿತ್ತು, ಮೂಲೆಗಳಲ್ಲಿ ಸೋತಿತು. ಕಾರಣ ಸರಳ. 18x24 ಚೌಕಟ್ಟಿನ ಕರ್ಣ 30 ಮಿಲಿಮೀಟರ್. 24x36ರ ಕರ್ಣ 43 ಮಿಲಿಮೀಟರಿಗೂ ಹೆಚ್ಚು. ಸಣ್ಣ ಚೌಕಟ್ಟಿಗೆ ಹೊಲಿದ ಅಂಗಿಯನ್ನು ದೊಡ್ಡ ಮೈಗೆ ತೊಡಿಸಿದಂತಾಗಿತ್ತು. ಕೊನೆಗೆ ಲೈಟ್ಸ್ ಸಂಸ್ಥೆಯದೇ ಆದ 42 ಮಿಲಿಮೀಟರಿನ ಮೈಕ್ರೊ ಸುಮಾರ್ ಲೆನ್ಸನ್ನು ಆದಿ ಮಾದರಿಗೆ ಅಳವಡಿಸಿದರು.

ಸಂಸ್ಥೆಯ ಒಡೆಯರ ಮಗ ಎರಡನೆಯ ಅರ್ನ್ಸ್ಟ್ ಲೈಟ್ಸ್ 1914ರಲ್ಲಿ ಅಮೆರಿಕ ಪ್ರವಾಸಕ್ಕೆ ಇಂಥದೇ ಒಂದು ಮಾದರಿಯನ್ನು ಒಯ್ದು ನ್ಯೂಯಾರ್ಕಿನ ಚಿತ್ರಗಳನ್ನು ತೆಗೆದರು. ಅಷ್ಟರಲ್ಲಿ ಮಹಾಯುದ್ಧ ಬಂತು. ಕ್ಯಾಮೆರಾದ ಯೋಜನೆ ಮೂಲೆ ಸೇರಿತು. ಬಾರ್ನಾಕ್ ಮಾತ್ರ ತಮ್ಮ ಪುಟ್ಟ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಮನೆಯ ಮಕ್ಕಳು, ಊರಿನ ಬೀದಿ, ಯುದ್ಧ ಘೋಷಣೆಯಾದಾಗ ಪೇಟೆಯಲ್ಲಿ ನೆರೆದ ಜನ, 1920ರಲ್ಲಿ ವೆಟ್ಸ್ಲರನ್ನು ನುಗ್ಗಿದ ನೆರೆ ಎಲ್ಲವೂ ಆ ಫಿಲ್ಮಿನ ಮೇಲೆ ದಾಖಲಾದವು. ಸುದ್ದಿ ಛಾಯಾಗ್ರಹಣ ಮುಂದೆ ಹಿಡಿಯಲಿದ್ದ ದಾರಿಯಲ್ಲಿ ಒಬ್ಬ ಯಂತ್ರಕಾರ, ತನಗೇ ಅರಿವಿಲ್ಲದಂತೆ, ಮೊದಲ ಹೆಜ್ಜೆಗಳನ್ನು ಇಟ್ಟಿದ್ದರು.

ಎಂಟು ಪಟ್ಟಿನ ಲೆಕ್ಕ

ಇಲ್ಲಿ ಕತೆಯನ್ನು ತುಸು ನಿಲ್ಲಿಸಿ, ಫೋಕಸ್ ಸರಿಯಿದೆ ಎಂದರೆ ನಿಜಕ್ಕೂ ಏನು ಎಂಬುದನ್ನು ನೋಡಬೇಕು. ಏಕೆಂದರೆ ಬಾರ್ನಾಕ್ ಅವರ ಸಾಹಸದ ತಿರುಳು ಅಲ್ಲಿಯೇ ಇದೆ.

ಯಾವ ಲೆನ್ಸೂ ಒಂದೇ ಒಂದು ದೂರವನ್ನು ಮಾತ್ರ ನಿಖರವಾಗಿ ಫೋಕಸ್ ಮಾಡಬಲ್ಲದು. ಆ ದೂರದಿಂದ ಹಿಂದೆ ಅಥವಾ ಮುಂದೆ ಇರುವ ಪ್ರತಿ ಬಿಂದುವೂ ಫಿಲ್ಮಿನ ಮೇಲೆ ಬಿಂದುವಾಗಿ ಬೀಳದೆ ಪುಟ್ಟ ವೃತ್ತವಾಗಿ ಹರಡುತ್ತದೆ. ಈ ಮಸುಕು ವೃತ್ತ ತೀರ ಚಿಕ್ಕದಾಗಿದ್ದರೆ ಕಣ್ಣು ಅದನ್ನು ಬಿಂದುವೆಂದೇ ಒಪ್ಪಿಕೊಳ್ಳುತ್ತದೆ. ಪುಸ್ತಕ ಓದುವ ದೂರದಲ್ಲಿ ಹಿಡಿದ ಚಿತ್ರದಲ್ಲಿ ವೃತ್ತ ಮಿಲಿಮೀಟರಿನ ಕಾಲು ಭಾಗದಷ್ಟಿದ್ದರೂ ಸಾಮಾನ್ಯ ನೋಟಕ್ಕೆ ತೊಂದರೆಯಿಲ್ಲ ಎಂಬುದು ಹಳೆಯ ರೂಢಿ. ಹಾಗಾಗಿ ಫೋಕಸ್ ಸರಿಯಿದೆ ಎಂಬ ಮಾತಿನಲ್ಲಿ ನೋಡುವವರ ಕಣ್ಣು, ಚಿತ್ರದ ಗಾತ್ರ, ನೋಡುವ ದೂರ ಇವು ಮೂರೂ ಅಡಗಿರುತ್ತವೆ. ಲೆನ್ಸನ್ನಷ್ಟೇ ನೋಡಿ ತೀರ್ಪು ಕೊಡಲಾಗದು.

13x18 ಸೆಂಟಿಮೀಟರಿನ ಫಲಕವನ್ನು ಹಿಗ್ಗಿಸದೆ ನೇರವಾಗಿ ಕಾಗದಕ್ಕೆ ಒತ್ತಿ ಮುದ್ರಿಸುತ್ತಿದ್ದರು. ಆದ್ದರಿಂದ ಫಲಕದ ಮೇಲೆಯೂ ಕಾಲು ಮಿಲಿಮೀಟರಿನ ಮಸುಕು ನಡೆದುಹೋಗುತ್ತಿತ್ತು. ಬಾರ್ನಾಕ್ ಅವರ ಪುಟ್ಟ ನೆಗೆಟಿವನ್ನು ಅಂಥದೇ ಚಿತ್ರವಾಗಿಸಲು, ಅದಕ್ಕಿಂತ ತುಸು ದೊಡ್ಡದಾಗಿ, ಸುಮಾರು ಎಂಟು ಪಟ್ಟು ಹಿಗ್ಗಿಸಬೇಕು. ಕಾಲು ಮಿಲಿಮೀಟರನ್ನು ಎಂಟರಿಂದ ಭಾಗಿಸಿದರೆ ಬರುವುದು ಹತ್ತಿರ ಹತ್ತಿರ ಮಿಲಿಮೀಟರಿನ ಮೂವತ್ತನೇ ಒಂದು ಪಾಲು. ಲೈಕಾ ಲೆನ್ಸುಗಳ ಮೇಲೆ ಮುಂದೆ ಕೆತ್ತಲಾದ, ಎಲ್ಲಿಂದ ಎಲ್ಲಿಯವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ ಎಂದು ತೋರಿಸುವ ಗುರುತುಗಳಿಗೆಲ್ಲ ಈ ಮೂವತ್ತನೇ ಒಂದು ಪಾಲೇ ಆಧಾರ.

ಇದರ ಪರಿಣಾಮ ವಿಚಿತ್ರವಾದುದು. ಛಾಯಾಗ್ರಾಹಕನಿಗೆ ಇದು ಉದಾರವಾಗಿತ್ತು. 50 ಮಿಲಿಮೀಟರಿನ ಲೆನ್ಸನ್ನು ಎಫ್ 3.5ರಲ್ಲಿ ಪೂರ್ತಿ ತೆರೆದು ಮೂರು ಮೀಟರ್ ದೂರಕ್ಕೆ ಹೊಂದಿಸಿದರೆ ಸುಮಾರು 2.6 ಮೀಟರಿನಿಂದ 3.5 ಮೀಟರಿನವರೆಗೆ ಎಲ್ಲವೂ ಸ್ಪಷ್ಟವೆಂದೇ ಲೆಕ್ಕ. ಕಣ್ಣಳತೆಯಲ್ಲಿ ದೂರ ಊಹಿಸುವವರಿಗೂ ಇಷ್ಟು ಸಾಕು. ಎಫ್ 8ಕ್ಕೆ ಇಳಿಸಿ ಒಂಬತ್ತೂವರೆ ಮೀಟರಿಗೆ ಇಟ್ಟುಬಿಟ್ಟರೆ ಐದು ಮೀಟರಿನಿಂದಾಚೆ ಇರುವ ಬೀದಿಯೆಲ್ಲ ಹಿಡಿತಕ್ಕೆ ಬಂತು. ದೊಡ್ಡ ಫಲಕದ ಉದ್ದನೆಯ ಲೆನ್ಸಿನಲ್ಲಿ ಈ ಸೌಲಭ್ಯವಿರಲಿಲ್ಲ.

ಕಾರ್ಖಾನೆಯ ಒಳಗೆ ಮಾತ್ರ ಅದೇ ಲೆಕ್ಕ ನಿರ್ದಯವಾಗಿತ್ತು. ಎಫ್ 3.5ರಲ್ಲಿ ಮಸುಕು ವೃತ್ತ ಆ ಮಿತಿಯೊಳಗೇ ಇರಬೇಕಾದರೆ ಫಿಲ್ಮು ತನ್ನ ಸ್ಥಾನದಿಂದ ಮಿಲಿಮೀಟರಿನ ಎಂಟನೇ ಒಂದು ಪಾಲಿಗಿಂತ ಹೆಚ್ಚು ಅತ್ತಿತ್ತ ಸರಿಯುವಂತಿಲ್ಲ. ಅಂದರೆ ಒಂದು ಹಾಳೆ ಕಾಗದದ ದಪ್ಪ. ಫಲಕದ ಕ್ಯಾಮೆರಾದಲ್ಲಿ ಅದೇ ಅಪರ್ಚರಿಗೆ ಇದರ ಏಳೆಂಟು ಪಟ್ಟು ಸಡಿಲ ನಡೆಯುತ್ತಿತ್ತು, ಗಾಜು ಸುರುಳಿ ಸುತ್ತಿಕೊಳ್ಳುವುದೂ ಇಲ್ಲ. ಇಲ್ಲಿಯೋ ಫಿಲ್ಮು ಬಾಗುತ್ತದೆ, ಲೋಹ ಬಿಸಿಲಿಗೆ ಹಿಗ್ಗುತ್ತದೆ, ಮರೆ ಸವೆಯುತ್ತದೆ. ಇವೆಲ್ಲ ತಪ್ಪುಗಳೂ ಸೇರಿ ಒಂದು ಹಾಳೆಯ ದಪ್ಪವನ್ನು ಮೀರಕೂಡದು. ಚಿತ್ರ ತೆಗೆಯುವವರಿಗೆ ಬಾರ್ನಾಕ್ ಕೊಟ್ಟ ರಿಯಾಯಿತಿಯ ಬೆಲೆಯನ್ನು ಪೂರ್ತಿಯಾಗಿ ತೆತ್ತವರು ಅದನ್ನು ತಯಾರಿಸುವ ಕೆಲಸಗಾರರು.

ಲೈಟ್ಸ್ ಅವರ ತೀರ್ಮಾನ

ಯುದ್ಧಾನಂತರದ ಜರ್ಮನಿ ಹಣದುಬ್ಬರದಲ್ಲಿ ನಲುಗಿತ್ತು. 1923ರಲ್ಲಿ ಹಣದ ಬೆಲೆ ಕಾಗದದ ಬೆಲೆಗಿಂತಲೂ ಕೆಳಗಿಳಿಯಿತು. ಅದೇ ಕಾಲಕ್ಕೆ ಲೈಟ್ಸ್ ಸಂಸ್ಥೆ ಸುಮಾರು ಎರಡು ಡಜನ್ ಪ್ರಯೋಗ ಕ್ಯಾಮೆರಾಗಳನ್ನು ತಯಾರಿಸಿ ಪರಿಚಿತರಿಗೆ ಪರೀಕ್ಷೆಗೆಂದು ಕೊಟ್ಟಿತು. ಅವೇ ಇಂದು ಸೊನ್ನೆ ಸರಣಿಯೆಂದು ಹೆಸರಾಗಿರುವ ಕ್ಯಾಮೆರಾಗಳು. ಫಿಲ್ಮು ಸುತ್ತುವಾಗ ಬೆಳಕು ನುಗ್ಗದಂತೆ ಲೆನ್ಸಿಗೆ ಮುಚ್ಚಳ ಹಾಕಬೇಕಾದಂಥ ಅನನುಕೂಲಗಳೂ ಅವುಗಳಲ್ಲಿದ್ದವು. ಅಭಿಪ್ರಾಯಗಳು ಒಂದೇ ತೆರನಾಗಿರಲಿಲ್ಲ. ಅಂಚೆ ಚೀಟಿಯ ಗಾತ್ರದ ನೆಗೆಟಿವಿನಿಂದ ಗಂಭೀರ ಛಾಯಾಗ್ರಹಣ ಸಾಧ್ಯವೇ ಎಂಬ ಅನುಮಾನ ವೃತ್ತಿನಿರತರಲ್ಲಿ ಬಲವಾಗಿತ್ತು.

1924ರ ಜೂನ್ ತಿಂಗಳಲ್ಲಿ ಎರಡನೆಯ ಅರ್ನ್ಸ್ಟ್ ಲೈಟ್ಸ್ ಸಹೋದ್ಯೋಗಿಗಳನ್ನು ಸೇರಿಸಿ ದೀರ್ಘ ಸಮಾಲೋಚನೆ ನಡೆಸಿದರು. ಸೂಕ್ಷ್ಮದರ್ಶಕ ಬಿಟ್ಟು ಕ್ಯಾಮೆರಾ ಮಾರಾಟದ ಅನುಭವವೇ ಇಲ್ಲದ ಸಂಸ್ಥೆ ಕೆಟ್ಟ ಕಾಲದಲ್ಲಿ ಹೊಸ ಸರಕಿಗೆ ಹಣ ಹೂಡುವುದು ಬೇಡವೆಂಬ ವಾದ ಪ್ರಬಲವಾಗಿಯೇ ಇತ್ತು. ಎಲ್ಲರ ಮಾತು ಕೇಳಿದ ಲೈಟ್ಸ್, ಬಾರ್ನಾಕ್ ಅವರ ಕ್ಯಾಮೆರಾವನ್ನು ತಯಾರಿಸುವುದೆಂದು ತಾವೇ ನಿರ್ಧರಿಸಿದರು. ಕಾರ್ಖಾನೆಯ ಕುಶಲಿಗಳಿಗೆ ಕೆಲಸ ಒದಗಿಸಬೇಕೆಂಬ ಕಾಳಜಿಯೂ ಆ ತೀರ್ಮಾನದ ಹಿಂದೆ ಇತ್ತು. 1925ರ ವಸಂತದಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಜನರ ಮುಂದೆ ಬಂತು. ಲೈಟ್ಸ್ ಮತ್ತು ಕ್ಯಾಮೆರಾ ಎಂಬ ಎರಡು ಪದಗಳ ತಲೆಗಳನ್ನು ಜೋಡಿಸಿ ಮಾಡಿದ ಹೆಸರು ಅದು.

ಲೆನ್ಸಿನ ಹೊಣೆಯನ್ನು ಹೊತ್ತವರು ಸಂಸ್ಥೆಯ ವಿಜ್ಞಾನಿ ಮ್ಯಾಕ್ಸ್ ಬೆರೆಕ್. ಎಲ್ಮ್ಯಾಕ್ಸ್, ಆಮೇಲೆ ಎಲ್ಮಾರ್ ಎಂದು ಹೆಸರಾದ 50 ಮಿಲಿಮೀಟರಿನ ಎಫ್ 3.5 ಲೆನ್ಸು ಅವರ ಲೆಕ್ಕಾಚಾರದ ಫಲ. ಎಲ್ಮ್ಯಾಕ್ಸ್ ಎಂಬುದರಲ್ಲಿ ಸಂಸ್ಥೆಯ ಒಡೆಯರ ಹೆಸರಿನೊಡನೆ ಬೆರೆಕ್ ಅವರ ಹೆಸರೂ ಅಡಗಿತ್ತು. ಮುಂದೊಂದು ಲೆನ್ಸಿಗೆ ಅವರು ಹೆಕ್ಟರ್ ಎಂಬ ತಮ್ಮ ನಾಯಿಯ ಹೆಸರನ್ನೇ ಇಟ್ಟರೆಂಬ ಮಾತು ಪ್ರಚಲಿತವಾಗಿದೆ. ಬೆರೆಕ್ ಲೆಕ್ಕದ ಮನುಷ್ಯ, ಬಾರ್ನಾಕ್ ಲೋಹದ ಮನುಷ್ಯ. ಒಬ್ಬರ ಗಣಿತ ಇನ್ನೊಬ್ಬರ ಅರ ಮುಟ್ಟದಿದ್ದರೆ ವ್ಯರ್ಥವಾಗುತ್ತಿತ್ತು.

28.8 ಮಿಲಿಮೀಟರ್

ಮೊದಲ ಲೈಕಾಗಳಲ್ಲಿ ಲೆನ್ಸು ಕ್ಯಾಮೆರಾಕ್ಕೆ ಬೆಸೆದುಕೊಂಡೇ ಇತ್ತು. ಪ್ರತಿಯೊಂದನ್ನೂ ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸುತ್ತಿದ್ದರು. 1930ರಲ್ಲಿ ತಿರುಪಿನಿಂದ ಬಿಚ್ಚಿ ಬದಲಿಸಬಹುದಾದ ಲೆನ್ಸುಗಳು ಬಂದವು. ಗ್ರಾಹಕರಿಗೆ ಅದು ಸಂಭ್ರಮ, ಬಾರ್ನಾಕ್ ಅವರಿಗೆ ಹೊಸ ತಲೆನೋವು.

ಆರಂಭದಲ್ಲಿ ಯಾವ ಲೆನ್ಸು ಯಾವ ಕ್ಯಾಮೆರಾಕ್ಕೆ ಎಂಬುದು ನಿಗದಿಯಾಗಿರುತ್ತಿತ್ತು. ಲೆನ್ಸಿನ ಮೇಲೆ ಕ್ಯಾಮೆರಾ ಸಂಖ್ಯೆಯ ಕೊನೆಯ ಅಂಕಿಗಳನ್ನು ಕೆತ್ತುತ್ತಿದ್ದರು. ಒಬ್ಬರ ಲೆನ್ಸನ್ನು ಇನ್ನೊಬ್ಬರ ಕ್ಯಾಮೆರಾಕ್ಕೆ ಹಾಕಿದರೆ ಫೋಕಸ್ ಸರಿಯಿರುವ ಭರವಸೆಯಿರಲಿಲ್ಲ. ಕಾರಣವನ್ನು ಲೆಕ್ಕವೇ ಹೇಳುತ್ತದೆ. 50 ಮಿಲಿಮೀಟರಿನ ಲೆನ್ಸು ಅನಂತ ದೂರದಿಂದ ಒಂದು ಮೀಟರಿನವರೆಗೆ ಫೋಕಸ್ ಬದಲಿಸಲು ಮುಂದೆ ಸರಿಯುವುದು ಕೇವಲ 2.6 ಮಿಲಿಮೀಟರ್. ಲೆನ್ಸು ಕೂರುವ ಜಾಗದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲು ವ್ಯತ್ಯಾಸವಾದರೆ ಸಾಕು, ದಿಗಂತದ ಬೆಟ್ಟಕ್ಕೆ ಹೊಂದಿಸಿದ ಲೆನ್ಸು 25 ಮೀಟರ್ ದೂರದ ಮರವನ್ನು ಸ್ಪಷ್ಟಪಡಿಸಿ ಬೆಟ್ಟವನ್ನು ಮಸುಕಾಗಿಸುತ್ತದೆ.

1931ರಲ್ಲಿ ಈ ಗೋಜಲಿಗೆ ತೆರೆ ಬಿತ್ತು. ಲೆನ್ಸು ಕೂರುವ ಉಂಗುರದಿಂದ ಫಿಲ್ಮಿನವರೆಗಿನ ಅಂತರ ಎಲ್ಲ ಕ್ಯಾಮೆರಾಗಳಲ್ಲೂ 28.8 ಮಿಲಿಮೀಟರ್ ಇರಬೇಕೆಂದು ನಿಗದಿಯಾಯಿತು. ಆ ಅಳತೆಗೆ ತಯಾರಾದ ಕ್ಯಾಮೆರಾ ಮತ್ತು ಲೆನ್ಸುಗಳ ಮೇಲೆ ಒಂದು ಪುಟ್ಟ ಸೊನ್ನೆಯನ್ನು ಗುರುತಾಗಿ ಹಾಕಿದರು. ಸೊನ್ನೆಯಿರುವ ಯಾವ ಲೆನ್ಸೂ ಸೊನ್ನೆಯಿರುವ ಯಾವ ಕ್ಯಾಮೆರಾಕ್ಕೂ ಹೊಂದುತ್ತದೆ. ಬರ್ಲಿನ್ನಿನಲ್ಲಿ ಕೊಂಡ ಲೆನ್ಸು ನ್ಯೂಯಾರ್ಕಿನ ಕ್ಯಾಮೆರಾದಲ್ಲಿ ತಪ್ಪದೆ ಫೋಕಸ್ ಆಗಬೇಕೆಂಬ, ಇಂದು ಯಾರೂ ಎರಡನೆಯ ಬಾರಿ ಯೋಚಿಸದ ನಿರೀಕ್ಷೆಯನ್ನು ಆ ಪುಟ್ಟ ಸೊನ್ನೆ ಹೊತ್ತಿತ್ತು.

ಎರಡು ಬಿಂಬ ಒಂದಾದಾಗ

ಅಷ್ಟರಲ್ಲಿ ಬೆರೆಕ್ ಅವರ ಲೆನ್ಸುಗಳು ಹೆಚ್ಚು ಹೆಚ್ಚು ಬೆಳಕು ಕುಡಿಯತೊಡಗಿದ್ದವು. 1931ರ 73 ಮಿಲಿಮೀಟರಿನ ಹೆಕ್ಟರ್ ಲೆನ್ಸಿನ ಅಪರ್ಚರ್ ಎಫ್ 1.9. ಅದೇ ಮೂವತ್ತನೇ ಒಂದು ಪಾಲಿನ ಲೆಕ್ಕದಲ್ಲಿ, ಮೂರು ಮೀಟರ್ ದೂರದ ವ್ಯಕ್ತಿಯನ್ನು ಹಿಡಿಯುವಾಗ ಅದು ಕೊಡುವ ಸಡಿಲ ಹಿಂದಕ್ಕೂ ಮುಂದಕ್ಕೂ ಸುಮಾರು ಹತ್ತು ಸೆಂಟಿಮೀಟರ್ ಮಾತ್ರ. ಕಣ್ಣಳತೆಯ ಕಾಲ ಮುಗಿದಿತ್ತು. ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸುವ ಪ್ರತ್ಯೇಕ ದೂರಮಾಪಕ ಮೊದಲಿನಿಂದಲೂ ಸಿಗುತ್ತಿತ್ತು. ಆದರೆ ಅದರಲ್ಲಿ ಅಂಕಿ ಓದಿ, ಅದನ್ನು ಲೆನ್ಸಿಗೆ ಹೊಂದಿಸಿ, ಮತ್ತೆ ಕಣ್ಣಿಟ್ಟು ನೋಡುವಷ್ಟರಲ್ಲಿ ಮನುಷ್ಯ ಜಾಗ ಬಿಟ್ಟಿರುತ್ತಿದ್ದ.

1932ರ ಎರಡನೆಯ ಲೈಕಾ ಮಾದರಿಯಲ್ಲಿ ಬಾರ್ನಾಕ್ ದೂರಮಾಪಕವನ್ನು ಕ್ಯಾಮೆರಾದ ಒಳಗೇ ಸೇರಿಸಿ ಲೆನ್ಸಿಗೆ ಜೋಡಿಸಿಬಿಟ್ಟರು. ಸುಮಾರು ನಾಲ್ಕು ಸೆಂಟಿಮೀಟರ್ ಅಂತರದ ಎರಡು ಕಿಂಡಿಗಳು ಒಂದೇ ವಸ್ತುವಿನ ಎರಡು ಬಿಂಬಗಳನ್ನು ತೋರುತ್ತವೆ. ಲೆನ್ಸನ್ನು ತಿರುಗಿಸಿದಂತೆ ಅದರ ಹಿಂಬದಿಗೆ ತಾಗಿರುವ ಸನ್ನೆಯೊಂದು ಚಲಿಸಿ ಬಿಂಬಗಳನ್ನು ಹತ್ತಿರ ತರುತ್ತದೆ. ಎರಡೂ ಒಂದಾದರೆ ಫೋಕಸ್ ಕೂಡಿತು. ಕೇಳಲು ಸುಲಭ. ಆದರೆ ಬೇರೆ ಬೇರೆ ಉದ್ದದ ಲೆನ್ಸುಗಳು ಬೇರೆ ಬೇರೆ ಪ್ರಮಾಣದಲ್ಲಿ ಸರಿಯುತ್ತವೆ, ಸನ್ನೆಗೆ ಮಾತ್ರ ಎಲ್ಲವೂ 50 ಮಿಲಿಮೀಟರಿನ ಲೆನ್ಸಿನಂತೆಯೇ ತೋರಬೇಕು. ಹೀಗಾಗಿ ಪ್ರತಿ ಲೆನ್ಸಿನ ಹಿಂಬದಿಯ ಏರಿಳಿತವನ್ನೂ ತಕ್ಕಂತೆ ಕಡೆಯಬೇಕಾಯಿತು.

ಅದೇ 1932ರಲ್ಲಿ ಝೈಸ್ ಇಕಾನ್ ಸಂಸ್ಥೆ ಕಾಂಟಾಕ್ಸ್ ಎಂಬ ಪ್ರತಿಸ್ಪರ್ಧಿಯನ್ನು ತಂದಿತು. ಬಾರ್ನಾಕ್ ಅವರು ಹಿಂದೆ ದುಡಿದ ಮನೆತನದ ಕ್ಯಾಮೆರಾವೇ ಎದುರಾಳಿಯಾಯಿತು. ಅದರ ದೂರಮಾಪಕದ ಕಿಂಡಿಗಳ ಅಂತರ ಸುಮಾರು ಹತ್ತು ಸೆಂಟಿಮೀಟರ್. ಅಂತರ ಹೆಚ್ಚಿದಷ್ಟೂ ನಿಖರತೆ ಹೆಚ್ಚು ಎಂಬುದು ರೇಖಾಗಣಿತದ ನಿಯಮ. ಕಾಗದದ ಮೇಲೆ ಕಾಂಟಾಕ್ಸ್ ಗೆದ್ದಿತ್ತು. ವೆಟ್ಸ್ಲರಿನವರು ಕ್ಯಾಮೆರಾವನ್ನು ಉದ್ದ ಮಾಡಲು ಹೋಗಲಿಲ್ಲ. 1933ರ ಮೂರನೆಯ ಮಾದರಿಯಲ್ಲಿ ದೂರಮಾಪಕದ ಬಿಂಬವನ್ನು ಒಂದೂವರೆ ಪಟ್ಟು ಹಿಗ್ಗಿಸಿ ತೋರಿಸಿದರು, ಅಷ್ಟೇ. ಇದು ಜಾಣತನದ ತೀರ್ಮಾನ. ಲೆನ್ಸಿಗೆ ಬೇಕಾದ ನಿಖರತೆ ದೊರೆತ ಮೇಲೆ ಉಳಿದದ್ದನ್ನು ತೂಕವಾಗಿ ಹೊರುವುದು ಏಕೆ? ಉಬ್ಬಸದವರಿಗೆ ಈ ಪ್ರಶ್ನೆಯ ಅರ್ಥ ಬೇರೆಯವರಿಗಿಂತ ಚೆನ್ನಾಗಿ ತಿಳಿದಿತ್ತು.

1936ರ ಜನವರಿ 16ರಂದು, 56ನೆಯ ವಯಸ್ಸಿನಲ್ಲಿ, ಬಾರ್ನಾಕ್ ಬಾಡ್ ನೌಹೈಮಿನಲ್ಲಿ ನಿಧನರಾದರು. ಅವರ ಕ್ಯಾಮೆರಾ ಆಗಲೇ ಜಗತ್ತಿನ ಬೀದಿಗಳಿಗೆ ಇಳಿದಿತ್ತು. ಫ್ರಾನ್ಸಿನ ಆನ್ರಿ ಕಾರ್ಟಿಯೆ ಬ್ರೆಸನ್ ಅದನ್ನು ಕೈಯ ಮುಂದುವರಿಕೆಯೆಂಬಂತೆ ಬಳಸಿದರು. 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯವರನ್ನು ಅವರ ಹತ್ಯೆಗೆ ಸ್ವಲ್ಪವೇ ಮುನ್ನ ಭೇಟಿಯಾದವರೂ, ಅಂತ್ಯಯಾತ್ರೆಯ ಚಿತ್ರಗಳನ್ನು ಜಗತ್ತಿಗೆ ಕೊಟ್ಟವರೂ ಅವರೇ. ನೆಹರೂ ಬಿರ್ಲಾ ಭವನದ ಬಾಗಿಲ ಬಳಿ ನಿಂತು ಸಾವಿನ ಸುದ್ದಿ ತಿಳಿಸುವ ಚಿತ್ರದಲ್ಲಿ ಬೆಳಕು ಮಬ್ಬು, ಅಂಚುಗಳು ಮಸುಕು. ಆ ಚಿತ್ರವನ್ನು ಅಳತೆಗೋಲು ಹಿಡಿದು ತಿರಸ್ಕರಿಸುವವರು ಯಾರೂ ಇರಲಾರರು.

ಅಳತೆಗೋಲು ಬದಲಾದಾಗ

ಕಣ್ಣು ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಯತ್ನಗಳಲ್ಲೂ ಲೈಟ್ಸ್ ಸಂಸ್ಥೆಯ ಪಾಲಿದೆ. ಕೊರೆಫಾಟ್ ಎಂಬ ಸ್ವಯಂ ಫೋಕಸ್ ಮಾದರಿಯನ್ನು ಅದು 1976ರಲ್ಲಿ ಕಲೋನಿನ ಫೋಟೊಕಿನಾ ಮೇಳದಲ್ಲಿ ತೋರಿಸಿತು. ಮಾರುಕಟ್ಟೆಗೆ ಮೊದಲು ತಲುಪಿದ್ದು ಮಾತ್ರ ಜಪಾನಿನ ಕೊನಿಕಾ ಸಿ35 ಎಎಫ್, 1977ರಲ್ಲಿ. 1985ರ ಮಿನೋಲ್ಟಾ 7000 ಬಂದ ಮೇಲೆ ಆಟೊಫೋಕಸ್ ವೃತ್ತಿನಿರತರ ಕೈಗೂ ಬಂತು. ಅದರ ಒಳಗಿನ ಸಂವೇದಕ ಮಾಡುವುದೂ ಬಾರ್ನಾಕ್ ಅವರ ದೂರಮಾಪಕ ಮಾಡಿದ್ದನ್ನೇ: ಲೆನ್ಸಿನ ಎರಡು ಬದಿಯಿಂದ ಬಂದ ಬಿಂಬಗಳನ್ನು ಹೋಲಿಸಿ, ಅವು ಎಷ್ಟು ಸರಿದಿವೆ ಎಂದು ಅಳೆಯುವುದು. ಅಳೆಯುವ ದಾರಿ ಒಂದು, ಚಿತ್ರ ಮೂಡುವ ದಾರಿ ಇನ್ನೊಂದು ಎಂಬ ಹಳೆಯ ತೊಡಕೂ ಜೊತೆಗೇ ಬಂತು. ಕನ್ನಡಿಯುಳ್ಳ ಡಿಜಿಟಲ್ ಕ್ಯಾಮೆರಾಗಳಲ್ಲಿ ಕೆಲವು ಲೆನ್ಸುಗಳು ಸದಾ ಸ್ವಲ್ಪ ಮುಂದೆ ಅಥವಾ ಸ್ವಲ್ಪ ಹಿಂದೆ ಫೋಕಸ್ ಆಗುವುದಕ್ಕೆ ಈ ಎರಡು ದಾರಿಗಳ ಉದ್ದದಲ್ಲಿನ ಅಲ್ಪ ವ್ಯತ್ಯಾಸವೂ ಒಂದು ಕಾರಣ. ಕನ್ನಡಿಯಿಲ್ಲದ ಕ್ಯಾಮೆರಾಗಳು ಚಿತ್ರ ಮೂಡುವ ಸಂವೇದಕದ ಮೇಲೆಯೇ ಅಳೆಯುವುದರಿಂದ ಆ ತೊಡಕು ಬಹುಮಟ್ಟಿಗೆ ನೀಗಿದೆ.

ನೀಗದಿರುವುದು ಅಳತೆಗೋಲಿನ ಪ್ರಶ್ನೆ. 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಸಂವೇದಕದಲ್ಲಿ 36 ಮಿಲಿಮೀಟರ್ ಅಗಲಕ್ಕೆ 6000 ಬಿಂದುಗಳು. ಒಂದೊಂದರ ಅಗಲ 0.006 ಮಿಲಿಮೀಟರ್. ಮೂವತ್ತನೇ ಒಂದು ಪಾಲಿನ ಹಳೆಯ ವೃತ್ತ ಅಂಥ ಐದಕ್ಕೂ ಹೆಚ್ಚು ಬಿಂದುಗಳನ್ನು ಆವರಿಸುತ್ತದೆ. ಚಿತ್ರವನ್ನು ಪರದೆಯ ಮೇಲೆ ನೂರು ಪ್ರತಿಶತ ಹಿಗ್ಗಿಸಿ ನೋಡುವವರು, ಸಾಮಾನ್ಯ ಮಾನಿಟರಿನ ಲೆಕ್ಕದಲ್ಲಿ, ಒಂದೂವರೆ ಮೀಟರಿಗೂ ಮಿಕ್ಕಿ ಅಗಲವಾದ ಚಿತ್ರವೊಂದಕ್ಕೆ ಮೂಗು ತಾಗಿಸಿ ನಿಂತಂತೆ. ಬಾರ್ನಾಕ್ ಅವರ ಎಂಟು ಪಟ್ಟು ಇಲ್ಲಿ ನಲವತ್ತನ್ನು ದಾಟಿದೆ. ಅಲ್ಲಿ ಕಾಣುವ ಮಸುಕು ಸುಳ್ಳಲ್ಲ. ಅದು ಮನೆಯ ಗೋಡೆಗೆ ತೂಗುವ ಚಿತ್ರದಲ್ಲಿ ಕಾಣುವುದೇ ಎಂಬುದು ಬೇರೆ ಪ್ರಶ್ನೆ.

ಲೆನ್ಸನ್ನು ದೂರುವ ಮೊದಲು ಅನುಭವಿಗಳು ಮಾಡುವ ಪರೀಕ್ಷೆಯಲ್ಲೂ ಕಾರ್ಯಾಗಾರದ ಹಳೆಯ ಶಿಸ್ತಿದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಗೆರೆಗಳು ಸ್ಪಷ್ಟವಾಗಿರುವ ಹಲಗೆಯನ್ನು ಎದುರಿಗೆ ನೇರ ನಿಲ್ಲಿಸಿ, ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹಿಡಿಸಿ ಹತ್ತಾರು ಚಿತ್ರ ತೆಗೆಯುತ್ತಾರೆ. ಎಲ್ಲವೂ ಒಂದೇ ಕಡೆಗೆ ತಪ್ಪಿದ್ದರೆ ಅದು ಹೊಂದಿಸಿ ಸರಿಪಡಿಸಬಹುದಾದ ತಪ್ಪು. ಒಮ್ಮೆ ಮುಂದೆ ಒಮ್ಮೆ ಹಿಂದೆ ಚದುರಿದ್ದರೆ ಹೊಂದಿಸಿ ಫಲವಿಲ್ಲ. ಆ ಚದುರುವಿಕೆ ತಮ್ಮ ಕೆಲಸಕ್ಕೆ, ತಾವು ಮುದ್ರಿಸುವ ಗಾತ್ರಕ್ಕೆ ಸಹ್ಯವೇ ಎಂದು ಆಮೇಲೆ ತೀರ್ಮಾನಿಸಬೇಕಾಗುತ್ತದೆ. ಒಂದೇ ಒಂದು ಚಿತ್ರ ನೋಡಿ ತೀರ್ಪು ಕೊಡುವವರ ಸಂಖ್ಯೆಯೇ ಹೆಚ್ಚೆಂಬುದು ಲೆನ್ಸುಗಳ ದುರದೃಷ್ಟ.

ಬಾರ್ನಾಕ್ ಅವರ ಜನ್ಮಶತಮಾನೋತ್ಸವದ ವರ್ಷವಾದ 1979ರಲ್ಲಿ ಅವರ ಹೆಸರಿನ ಛಾಯಾಗ್ರಹಣ ಪ್ರಶಸ್ತಿ ಆರಂಭವಾಯಿತು. 2022ರ ಜೂನ್ ತಿಂಗಳಲ್ಲಿ ಸೊನ್ನೆ ಸರಣಿಯ 105ನೆಯ ಸಂಖ್ಯೆಯ ಕ್ಯಾಮೆರಾ ವೆಟ್ಸ್ಲರಿನಲ್ಲಿ ಹರಾಜಾಗಿ 1.44 ಕೋಟಿ ಯೂರೊಗೆ ಮಾರಾಟವಾಯಿತು. ಅಲ್ಲಿಯವರೆಗೆ ಯಾವ ಕ್ಯಾಮೆರಾಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ಅದು ಬಾರ್ನಾಕ್ ಅವರ ಸ್ವಂತದ ಕ್ಯಾಮೆರಾ. ನೋಟಕಿಂಡಿಯ ಮೇಲೆ ಅವರ ಹೆಸರನ್ನು ಕೆತ್ತಲಾಗಿದೆ. ಅದರಲ್ಲಿ ದೂರವನ್ನು ಅಳೆಯುವ ಯಾವ ಸಾಧನವೂ ಇಲ್ಲ. ಎದುರಿಗಿರುವ ಮಕ್ಕಳು ಎಷ್ಟು ಮೀಟರ್ ದೂರದಲ್ಲಿದ್ದಾರೆಂದು ಬಾರ್ನಾಕ್ ಕಣ್ಣಳತೆಯಲ್ಲೇ ಅಂದಾಜು ಮಾಡಿ ಲೆನ್ಸನ್ನು ತಿರುಗಿಸಿಕೊಳ್ಳುತ್ತಿದ್ದರು.